ಕ್ರ್ಯಾಂಕ್, ಜರ್ನಲ್, ಕನೆಕ್ಟಿಂಗ್ ರಾಡ್: ಪರ್ಫಾರ್ಮೆನ್ಸ್ ಎಂಜಿನ್‌ನ ಕೆಳಭಾಗದ ದೋಷ ಪತ್ತೆ

ಶಕ್ತಿ ಹೆಚ್ಚಿಸಲೆಂದು ಕಟ್ಟಿದ ಎಂಜಿನ್‌ನ ಕೆಳಭಾಗ ಸದ್ದು ಮಾಡತೊಡಗಿದರೆ ಹೆಚ್ಚಿನವರು ಹೊಸ ಬೇರಿಂಗ್ ಸೆಟ್ ತಂದು ಹಾಕಿ ಮತ್ತೆ ಓಡಿಸುತ್ತಾರೆ. ಸ್ವಲ್ಪ ದಿನಕ್ಕೆ ಅದೇ ಸದ್ದು, ಬಹುಪಾಲು ಅದೇ ಸಿಲಿಂಡರಿನಿಂದ. ಬೇರಿಂಗ್ ತಾನಾಗಿ ಕೆಡುವುದು ಅಪರೂಪ. ಎಣ್ಣೆ, ಬೋಲ್ಟಿನ ಬಿಗಿ, ಲೇತ್ ಕೆಲಸ, ರಾಡ್‌ನ ಆಯ್ಕೆ, ಜರ್ನಲ್‌ನ ವ್ಯಾಸ, ಇವುಗಳಲ್ಲಿ ಯಾವುದೋ ಒಂದು ಅದನ್ನು ಕೆಡಿಸಿರುತ್ತದೆ. ಕಾರಣ ಗೊತ್ತಾಗುವ ತನಕ ಹೊಸ ಭಾಗಕ್ಕೆ ಹಣ ಹಾಕಬೇಡಿ.

ಪಿಸ್ಟನ್‌ಗಳ ಮೇಲೆ ಕೆಳಗಿನ ಓಟವನ್ನು ತಿರುಗುವಿಕೆಯಾಗಿಸುವ ದಂಡ ಕ್ರ್ಯಾಂಕ್, ಪಿಸ್ಟನ್ನನ್ನು ಅದಕ್ಕೆ ಜೋಡಿಸುವುದು ಕನೆಕ್ಟಿಂಗ್ ರಾಡ್. ಬ್ಲಾಕ್‌ನಲ್ಲಿ ಕೂತು ತಿರುಗುವ ಕ್ರ್ಯಾಂಕ್‌ನ ನುಣುಪು ಭಾಗಗಳು ಮೇನ್ ಜರ್ನಲ್‌ಗಳು. ರಾಡ್‌ಗಳ ಬಿಗ್ ಎಂಡ್ (ಕ್ರ್ಯಾಂಕ್ ಕಡೆಯ ದೊಡ್ಡ ತುದಿ) ಹಿಡಿದುಕೊಳ್ಳುವಂಥವು ರಾಡ್ ಜರ್ನಲ್‌ಗಳು. ಜರ್ನಲ್ ಸುತ್ತ ಕೂರುವ ಅರೆವೃತ್ತದ ಎರಡು ಲೋಹದ ಪಟ್ಟಿಗಳು, ಅಂದರೆ ಶೆಲ್‌ಗಳು, ಸೇರಿ ಒಂದು ಬೇರಿಂಗ್. ಅವನ್ನು ಬೋಲ್ಟ್‌ನಿಂದ ಹಿಡಿದಿಡುವ ಮುಚ್ಚಳ ಕ್ಯಾಪ್. ಮುಂದೆ ಈ ಹೆಸರುಗಳು ಪದೇ ಪದೇ ಬರುತ್ತವೆ.

ಕೆಲಸಕ್ಕೆ ಇಳಿಯುವ ಮೊದಲು ಎಚ್ಚರಿಕೆಯ ಮಾತು. ವಾಹನದ ಕೆಳಗೆ ಹೋಗುವಾಗ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಬಿಸಿ ಎಣ್ಣೆ ಸುಡುತ್ತದೆ, ಹಳೆಯ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ, ಆದ್ದರಿಂದ ಕೈಗವಸು ಇರಲಿ. ಕ್ರ್ಯಾಂಕನ್ನು ಕೈಯಿಂದ ತಿರುಗಿಸುವ ಮುನ್ನ ಬ್ಯಾಟರಿಯ ತಂತಿ ಕಳಚಿಡಿ.

ಎಂಜಿನ್ ಕಾದ ಮೇಲೆ ಆಯಿಲ್ ಪ್ರೆಶರ್ ಇಳಿಯುತ್ತದೆ

ಖರ್ಚಿಲ್ಲದ ಪರೀಕ್ಷೆ ಡಿಪ್‌ಸ್ಟಿಕ್‌ನದು. ಮಟ್ಟ ಕಡಿಮೆಯಿದ್ದರೆ ತೊಂದರೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿದ್ದರೂ ತೊಂದರೆಯೇ: ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯ ಮೇಲೆ ಜರ್ನಲ್ ತೇಲುವುದಿಲ್ಲ. ಡಿಪ್‌ಸ್ಟಿಕ್ಕನ್ನು ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಎಣ್ಣೆ ತೆಳುವಾಗಿದೆ ಎಂದರ್ಥ. ಆಗ ಮೊದಲು ಸರಿಪಡಿಸಬೇಕಾದದ್ದು ಇಂಧನದ ಹೊಂದಾಣಿಕೆ. ಕ್ರ್ಯಾಂಕ್‌ನ ಸರದಿ ಇನ್ನೂ ಬಂದಿಲ್ಲ.

ಎರಡನೆಯದು ಗೇಜ್. ಡ್ಯಾಶ್‌ಬೋರ್ಡಿನ ಸೂಚಿ ಸೆನ್ಸರ್ ಹೇಳಿದ್ದನ್ನಷ್ಟೇ ತೋರಿಸುತ್ತದೆ, ಸೆನ್ಸರ್ ಕೆಡುವುದು ಬೇರಿಂಗ್ ಕೆಡುವುದಕ್ಕಿಂತ ಸಾಮಾನ್ಯ. ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಜೋಡಿಸಿ, ಎಂಜಿನ್ ಪೂರ್ತಿ ಕಾದ ಮೇಲೆ ಓದಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಎಂಬುದು ಗ್ಯಾರೇಜುಗಳ ಹಳೆಯ ಲೆಕ್ಕ. ಕಿರಿದಾದ ಬೇರಿಂಗ್ ಅಂತರಗಳಲ್ಲಿ (ಜರ್ನಲ್ ಮತ್ತು ಬೇರಿಂಗ್ ನಡುವಿನ ಸಂದಿ) ತೆಳು ಎಣ್ಣೆಯ ಮೇಲೆ ಓಡುವ ಈಚಿನ ಎಂಜಿನ್‌ಗಳು ಇದಕ್ಕಿಂತ ಕಡಿಮೆಯಲ್ಲೂ ಕ್ಷೇಮವಾಗಿರುತ್ತವೆ, ಹಾಗಾಗಿ ತಯಾರಕರ ಅಂಕಿಯೇ ಅಂತಿಮ.

ಇಳಿತ ಯಾವಾಗ ಆಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ತಣ್ಣಗಿದ್ದಾಗಲೂ ಕಾದಾಗಲೂ ಕಡಿಮೆಯಿದ್ದರೆ ಪಂಪ್, ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ಅಥವಾ ಪ್ಯಾನ್‌ನಿಂದ ಎಣ್ಣೆ ಎಳೆಯುವ ಪಿಕಪ್‌ನ ಜಾಲರಿಯನ್ನು ಅನುಮಾನಿಸಿ. ತಿರುವಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಸೂಚಿ ಬಿದ್ದರೆ ಎಣ್ಣೆ ಪಕ್ಕಕ್ಕೆ ಸರಿದು ಪಿಕಪ್ ಗಾಳಿ ಎಳೆಯುತ್ತಿದೆ, ಆಯಿಲ್ ಪ್ಯಾನ್‌ಗೆ ತಡೆಹಲಗೆ ಬೇಕು. ತಣ್ಣಗಿದ್ದಾಗ ಚೆನ್ನಾಗಿದ್ದು ಕಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಕುಸಿದರೆ ಮಾತ್ರ ಬೇರಿಂಗ್ ಅಂತರದತ್ತ ನೋಡಬೇಕು.

ಈ ಅಂತರ ಸ್ವಲ್ಪ ಹೆಚ್ಚಾದರೂ ಪರಿಣಾಮ ದೊಡ್ಡದು. ಬೇರಿಂಗ್‌ನಿಂದ ಹೊರಸೋರುವ ಎಣ್ಣೆ ಅಂತರದ ಘನಕ್ಕೆ ಅನುಗುಣವಾಗಿ ಏರುತ್ತದೆ. 0.050 ಮಿ.ಮೀ. ಇರಬೇಕಾದದ್ದು 0.075 ಆದರೆ ಸೋರಿಕೆ ಸುಮಾರು 3.4 ಪಟ್ಟು. ಇಂಥ ಎಂಜಿನ್‌ಗೆ ದಪ್ಪ ಎಣ್ಣೆ ಸುರಿದರೆ ಸೂಚಿ ಮೇಲೇರುವುದು ನಿಜ. ಆದರೆ ಅಂತರ ಅಷ್ಟೇ ಇದೆ, ಸವೆತವೂ ನಡೆದೇ ಇದೆ. ಅಂತರವನ್ನು ಬೇಕೆಂದೇ ಹೆಚ್ಚಿಟ್ಟು ಕಟ್ಟಿದ ರೇಸ್ ಎಂಜಿನ್‌ನಲ್ಲಿ ದಪ್ಪ ಎಣ್ಣೆ ಸರಿಯಾದ ಆಯ್ಕೆ. ಸವೆದ ಎಂಜಿನ್‌ನಲ್ಲಿ ಅದು ರೋಗ ಮುಚ್ಚಿಡುವ ಉಪಾಯ ಅಷ್ಟೇ.

ನಿಲ್ಲಿಸಬೇಕಾದ ಗೆರೆ: ಭಾರದಡಿ ಓಡುತ್ತಿರುವಾಗ ಎಣ್ಣೆಯ ಕೆಂಪು ದೀಪ ಹತ್ತಿದರೆ ತಕ್ಷಣ ಎಂಜಿನ್ ಆರಿಸಿ. ಮನೆ ತಲುಪಿ ನೋಡೋಣ ಎಂದುಕೊಂಡವರು ಬೇರಿಂಗ್ ಜೊತೆ ಕ್ರ್ಯಾಂಕನ್ನೂ ಕಳೆದುಕೊಳ್ಳುತ್ತಾರೆ.

ಕೆಳಗಿನಿಂದ ಟಕ್ ಟಕ್ ಸದ್ದು

ಸದ್ದುಗಳೆಲ್ಲ ರಾಡ್ ಬೇರಿಂಗ್‌ನವಲ್ಲ. ತಣ್ಣಗಿದ್ದಾಗ ಬಂದು ಕಾದ ಮೇಲೆ ಕರಗುವುದು ಹೆಚ್ಚಾಗಿ ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುವ ಸದ್ದು. ಫೋರ್ಜ್ ಮಾಡಿದ (ಲೋಹವನ್ನು ಒತ್ತಿ ರೂಪಿಸಿದ) ಪಿಸ್ಟನ್‌ಗಳಲ್ಲಿ ಇದು ಸಾಮಾನ್ಯ, ಚಿಂತೆ ಬೇಡ. ಐಡಲ್‌ನಲ್ಲಿ ಜೋಡಿ ಬಡಿತದಂತೆ ಕೇಳಿದರೆ ಪಿಸ್ಟನ್ ಪಿನ್. ಭಾರ ಬಿದ್ದಾಗ ಎದೆಯಾಳದಿಂದ ಬಂದಂಥ ಗಡಸು ದಬ್ ಸದ್ದು ಮೇನ್ ಬೇರಿಂಗ್‌ನದು. ರಾಡ್ ಬೇರಿಂಗ್ ಇವೆಲ್ಲಕ್ಕಿಂತ ತೀಕ್ಷ್ಣ. 2000ರಿಂದ 3000 ಆರ್‌ಪಿಎಂ ನಡುವೆ ಹಗುರ ಭಾರದಲ್ಲಿ ಓಡುವಾಗ, ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ, ಅದು ಸ್ಪಷ್ಟವಾಗಿ ಕೇಳುತ್ತದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ವಾಹನದಲ್ಲಿ ಎಂಜಿನ್ ಬಿಚ್ಚುವ ಮುನ್ನ ಫ್ಲೆಕ್ಸ್‌ಪ್ಲೇಟ್, ಅಂದರೆ ಕ್ರ್ಯಾಂಕನ್ನು ಟಾರ್ಕ್ ಕನ್ವರ್ಟರಿಗೆ ಜೋಡಿಸುವ ತೆಳು ತಟ್ಟೆ, ನೋಡಿ. ಬಿರುಕು ಬಿಟ್ಟ ಫ್ಲೆಕ್ಸ್‌ಪ್ಲೇಟ್ ಅಥವಾ ಸಡಿಲಗೊಂಡ ಟಾರ್ಕ್ ಕನ್ವರ್ಟರ್ ಬೋಲ್ಟ್ ರಾಡ್ ಸದ್ದನ್ನು ಹೂಬೇಹೂಬು ಅನುಕರಿಸುತ್ತದೆ. ಕೆಳಗಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದರೆ ಮುಗಿಯುವ ಈ ಪರೀಕ್ಷೆ ಬಿಟ್ಟು ಒಳ್ಳೆಯ ಎಂಜಿನ್‌ಗಳನ್ನೇ ಬಿಚ್ಚಿ ಹರಡಿದವರಿದ್ದಾರೆ.

ಮುಂದಿನ ಹೆಜ್ಜೆ ಒಂದೊಂದೇ ಸಿಲಿಂಡರನ್ನು ನಿದ್ರೆಗೆ ಕಳಿಸುವುದು. ಇಂಜೆಕ್ಟರ್ ಇರುವ ಎಂಜಿನ್‌ನಲ್ಲಿ ಒಂದರ ಕನೆಕ್ಟರ್ ಕಳಚಿ ಕೇಳಿ. ಸದ್ದು ತಗ್ಗಿದರೆ ತಪ್ಪಿತಸ್ಥ ಸಿಲಿಂಡರ್ ಸಿಕ್ಕಿತು, ಏಕೆಂದರೆ ದಹನದ ಒತ್ತಡ ಇಲ್ಲದಾಗ ಆ ರಾಡ್ ಮೊದಲಿನಷ್ಟು ಜೋರಾಗಿ ಬಡಿಯುವುದಿಲ್ಲ. ಸ್ಪಾರ್ಕ್ ತಂತಿ ಕಳಚುವ ಹಳೆಯ ವಿಧಾನವೂ ಕೆಲಸ ಮಾಡುತ್ತದೆ. ಆದರೆ ಸಾವಿರಾರು ವೋಲ್ಟ್ ಹರಿಯುವ ತಂತಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಕೆಲವು ಸೆಕೆಂಡಿಗಿಂತ ಹೆಚ್ಚು ಹಾಗೆಯೇ ಓಡಿಸಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಡುತ್ತದೆ.

ಹೊಸದಾಗಿ ಕಟ್ಟಿದ ಎಂಜಿನ್‌ನಲ್ಲಿ ಅತಿ ಮೇಲಿನ ಆರ್‌ಪಿಎಂಗಳಲ್ಲಿ ಮಾತ್ರ ಬರುವ ಸಣ್ಣ ಬಡಿತಕ್ಕೆ ಇನ್ನೊಂದು ಅರ್ಥವಿದೆ. ವೇಗದಲ್ಲಿ ರಾಡ್ ಹಿಗ್ಗುತ್ತದೆ, ಬೇರಿಂಗ್ ಅಂತರವೂ ಅದಕ್ಕೆ ಸೇರುತ್ತದೆ, ಪಿಸ್ಟನ್ ಮೇಲಿರುವ ಸಿಲಿಂಡರ್ ಹೆಡ್ಡನ್ನು ಮುಟ್ಟಿಬರುತ್ತದೆ. ಉಕ್ಕಿನ ರಾಡ್‌ಗೆ ಪಿಸ್ಟನ್ ಮತ್ತು ಹೆಡ್ ನಡುವೆ ಸುಮಾರು 1 ಮಿ.ಮೀ. ಬಿಡುವುದು ವಾಡಿಕೆ. ಅಲ್ಯೂಮಿನಿಯಂ ರಾಡ್‌ಗೆ 1.5 ಮಿ.ಮೀ.ವರೆಗೆ ಬೇಕಾಗುತ್ತದೆ. ಹೆಡ್ ತೆಗೆದಾಗ ಪಿಸ್ಟನ್‌ನ ಅಂಚಿನಲ್ಲಿ ಕರಿ ಹೋಗಿ ಹೊಳೆಯುವ ಗುರುತು ಕಂಡರೆ ಅದೇ ಸಾಕ್ಷಿ.

ಫಿಲ್ಟರ್‌ನಲ್ಲಿ ಲೋಹದ ಮಿನುಗು

ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಗರಗಸ ಬೇಡ, ಅದರ ಪುಡಿಯೇ ನಿಮಗೆ ಸುಳ್ಳು ಹೇಳುತ್ತದೆ. ಫಿಲ್ಟರ್ ಕಟರ್ ಬಳಸಿ. ಆಯಸ್ಕಾಂತಕ್ಕೆ ಅಂಟುವುದು ಕಬ್ಬಿಣ ಅಥವಾ ಉಕ್ಕು. ಅಂಟದ ಬೂದು ಪದರಗಳು ಬೇರಿಂಗ್‌ನ ಮೇಲ್ಪದರ ಅಥವಾ ಪಿಸ್ಟನ್‌ನ ಅಲ್ಯೂಮಿನಿಯಂ. ತಾಮ್ರದ ಬಣ್ಣ ಕಂಡರೆ ಮೂರು ಪದರದ ಬೇರಿಂಗ್‌ನ ಮೇಲ್ಪದರ ಸವೆದು ಒಳಪದರ ಹೊರಬಿದ್ದಿದೆ. ಮೊದಲ ಎಣ್ಣೆ ಬದಲಾವಣೆಯಲ್ಲಿ ಒಂದಿಷ್ಟು ನವಿರು ಮಿನುಗು ಸಹಜ. ಉಗುರಿಗೆ ಸಿಗುವಷ್ಟು ದೊಡ್ಡ ಚೂರುಗಳಿದ್ದರೆ ಮತ್ತೆ ಸ್ಟಾರ್ಟ್ ಮಾಡದೆ ಆಯಿಲ್ ಪ್ಯಾನ್ ಇಳಿಸಿ.

ಪ್ಯಾನ್ ಇಳಿಸಿದ್ದಾಯಿತು, ಶೆಲ್ ಕೈಯಲ್ಲಿದೆ

ಇಲ್ಲಿ ಆತುರ ಬೇಡ. ಬಿಚ್ಚಿದ ಪ್ರತಿ ಕ್ಯಾಪ್ ಮತ್ತು ಶೆಲ್ ಯಾವ ಸಿಲಿಂಡರಿನದು, ಮೇಲಿನದೋ ಕೆಳಗಿನದೋ ಎಂದು ಗುರುತು ಹಾಕಿ ಸಾಲಾಗಿ ಜೋಡಿಸಿ. ಒರೆಸುವ ಮುನ್ನ ಫೋಟೋ ತೆಗೆಯಿರಿ. ಒಂದೇ ಶೆಲ್ ನೋಡಿ ತೀರ್ಪು ಕೊಡಲು ಆಗುವುದಿಲ್ಲ, ಸಾಲು ನೋಡಿದರೆ ಕತೆ ಕಾಣುತ್ತದೆ.

ರಾಡ್‌ನ ಮೇಲಿನ ಶೆಲ್‌ಗಳು ಮಾತ್ರ ಜಜ್ಜಿದಂತೆ ಸವೆದಿದ್ದರೆ ದಹನದ ಒತ್ತಡ ಮಿತಿ ಮೀರಿದೆ: ಡಿಟೊನೇಷನ್ (ಇಂಧನ ಹಿಡಿತ ತಪ್ಪಿ ಸಿಡಿಯುವುದು), ಅತಿ ಮುಂದಿಟ್ಟ ಇಗ್ನಿಷನ್ ಟೈಮಿಂಗ್ ಅಥವಾ ಟರ್ಬೊದ ಅತಿ ಬೂಸ್ಟ್. ಕ್ಯಾಪ್ ಕಡೆಯ ಶೆಲ್‌ಗಳು ಸವೆದಿದ್ದರೆ ಕಾರಣ ವೇಗ. ನಿಷ್ಕಾಸ ಮುಗಿದು ಪಿಸ್ಟನ್ ಮೇಲಿನ ತುದಿಯಲ್ಲಿ ದಿಕ್ಕು ಬದಲಿಸುವಾಗ ಅದನ್ನು ಕೆಳಕ್ಕೆ ಎಳೆಯುವುದು ಕ್ಯಾಪ್ ಮತ್ತು ಅದರ ಎರಡು ಬೋಲ್ಟ್. ಆ ಹೊರೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಲೆಕ್ಕ ಹಾಕೋಣ: 95.25 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಚಲಿಸುವ ದೂರ), 152.4 ಮಿ.ಮೀ. ಉದ್ದದ ರಾಡ್, ಮೇಲೆ ಕೆಳಗೆ ಚಲಿಸುವ ಒಟ್ಟು ತೂಕ 800 ಗ್ರಾಂ. 6000 ಆರ್‌ಪಿಎಂನಲ್ಲಿ ಆ ಎಳೆತ ಸುಮಾರು 2 ಟನ್ ತೂಕಕ್ಕೆ ಸಮ, 7000ದಲ್ಲಿ 2.7 ಟನ್. ಮೂಲ ಬೋಲ್ಟ್‌ಗಳನ್ನೇ ಉಳಿಸಿಕೊಂಡು ರೆವ್ ಮಿತಿಯನ್ನು ಮಾತ್ರ ಏರಿಸುವವರು ಈ ಎರಡು ಅಂಕಿಗಳನ್ನು ಒಮ್ಮೆ ಹೋಲಿಸಬೇಕು.

ಮೇಲಿನ ಶೆಲ್‌ನ ಒಂದು ಅಂಚು, ಕೆಳಗಿನದರ ಎದುರು ಅಂಚು ಸವೆದಿದ್ದರೆ ರಾಡ್ ಬಾಗಿದೆ. ಎರಡೂ ಶೆಲ್‌ಗಳು ಒಂದೇ ಬದಿಯಲ್ಲಿ ಸವೆದಿದ್ದರೆ ಜರ್ನಲ್ ಒಂದು ತುದಿಗೆ ಕಿರಿದಾಗಿದೆ, ಅಂದರೆ ಗ್ರೈಂಡಿಂಗ್ ಸರಿಯಾಗಿಲ್ಲ. ತೀರಾ ಅಂಚಿನಲ್ಲಿ ಕಿರಿದಾದ ಹೊಳೆಯುವ ಪಟ್ಟಿ ಇದ್ದರೆ ಅದು ಫಿಲೆಟ್ (ಜರ್ನಲ್ ಮೂಲೆಯ ದುಂಡು ತಿರುವು) ತಗಲಿದ ಗುರುತು. ಪರ್ಫಾರ್ಮೆನ್ಸ್ ಕ್ರ್ಯಾಂಕ್‌ಗಳಲ್ಲಿ ಬಲಕ್ಕಾಗಿ ಜರ್ನಲ್‌ನ ಮೂಲೆಯ ಫಿಲೆಟ್ ದೊಡ್ಡದಾಗಿರುತ್ತದೆ, ಸಾಧಾರಣ ಅಗಲದ ಶೆಲ್ ಅದರ ಮೇಲೆ ಹತ್ತಿ ಕೂರುತ್ತದೆ. ಅಂಚು ಕೊರೆದ ಅಥವಾ ಅಗಲ ತಗ್ಗಿಸಿದ ಶೆಲ್ ಬೇಕಿತ್ತು. ವಿ ಎಂಜಿನ್‌ಗಳಲ್ಲಿ ಒಂದೇ ಜರ್ನಲ್ ಮೇಲೆ ಎರಡು ರಾಡ್ ಇರುತ್ತವೆ. ಅವುಗಳ ಇಳಿಜಾರು ಕೊರೆದ ಬದಿ ಫಿಲೆಟ್ ಕಡೆಗೂ ಚಪ್ಪಟೆ ಬದಿಗಳು ಒಂದಕ್ಕೊಂದು ಎದುರಾಗಿಯೂ ಇರಬೇಕು. ತಿರುವುಮುರುವು ಹಾಕಿದರೂ ಇದೇ ಗುರುತು ಬೀಳುತ್ತದೆ.

ಶೆಲ್‌ನ ಬೆನ್ನನ್ನೂ ನೋಡಿ. ಬೆನ್ನಿನಲ್ಲಿ ಕಪ್ಪು ಕಲೆ, ಉಜ್ಜಿದ ಗುರುತು ಇದ್ದರೆ ಶೆಲ್ ತನ್ನ ಮನೆಯಲ್ಲಿ ಅಲುಗಾಡಿದೆ: ಬಿಗ್ ಎಂಡ್ ರಂಧ್ರ ದೊಡ್ಡದಾಗಿದೆ ಅಥವಾ ಬೋಲ್ಟ್ ಬಿಗಿ ಸಾಲದು. ಎರಡು ಶೆಲ್ ಕೂಡುವ ಗೆರೆಯ ಬಳಿ ಸವೆತವಿದ್ದರೆ ರಂಧ್ರ ದುಂಡಗಿಲ್ಲ. ಕ್ಯಾಪ್‌ಗಳು ಅದಲುಬದಲಾಗಿರಬಹುದು, ಅಥವಾ ಹೊಸ ಬೋಲ್ಟ್ ಹಾಕಿ ರಂಧ್ರವನ್ನು ಮತ್ತೆ ಹೋನ್ ಮಾಡಿಸದೆ (ಉಜ್ಜಿ ಅಳತೆಗೆ ತರಿಸದೆ) ಬಿಟ್ಟಿರಬಹುದು. ಬೋಲ್ಟ್ ಬದಲಿಸಿದರೆ ಹಿಡಿತದ ಬಲ ಬದಲಾಗುತ್ತದೆ, ಬಲ ಬದಲಾದರೆ ರಂಧ್ರದ ಆಕಾರವೂ ಬದಲಾಗುತ್ತದೆ. ಬೋಲ್ಟ್ ಪೊಟ್ಟಣ ಮಾರುವವರು ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ಅಳೆಯುವಾಗ ಅಗ್ಗದ ದಾರಿ ಪ್ಲಾಸ್ಟಿಗೇಜ್: ಮೇಣದ ಎಳೆಯನ್ನು ಜರ್ನಲ್ ಮೇಲಿಟ್ಟು ಕ್ಯಾಪ್ ಬಿಗಿದು ಬಿಚ್ಚಿದರೆ, ಎಳೆ ಹರಡಿದ ಅಗಲದಿಂದ ಅಂತರ ತಿಳಿಯುತ್ತದೆ. ಅಂತರ ಎಷ್ಟರ ಮಟ್ಟಿಗಿದೆ ಎಂದು ಇದು ಹೇಳಬಲ್ಲದು. ಜರ್ನಲ್ ಅಂಡಾಕಾರವಾಗಿದೆಯೇ ಎಂಬುದನ್ನು ಹೇಳಲಾರದು. ಅದಕ್ಕೆ ಮೈಕ್ರೋಮೀಟರ್ ಮತ್ತು ಡಯಲ್ ಬೋರ್ ಗೇಜ್ ಬೇಕು. ಜರ್ನಲ್‌ನ ಎರಡು ತುದಿಗಳಲ್ಲಿ, ಎರಡೆರಡು ದಿಕ್ಕಿನಲ್ಲಿ ಅಳೆಯಿರಿ. ಪುಸ್ತಕಗಳು ಇದಕ್ಕಿಂತ ಉದಾರವಾಗಿದ್ದರೂ ಪರ್ಫಾರ್ಮೆನ್ಸ್ ಎಂಜಿನ್‌ನಲ್ಲಿ ವ್ಯತ್ಯಾಸ 0.01 ಮಿ.ಮೀ. ಒಳಗಿರಲಿ ಎಂಬುದು ನನ್ನ ಹಠ. ರಂಧ್ರವನ್ನು ಶೆಲ್ ಹಾಕಿ, ಬೋಲ್ಟ್ ಪೂರ್ತಿ ಬಿಗಿದು, ಶೆಲ್‌ಗಳು ಕೂಡುವ ಗೆರೆಗೆ ಲಂಬವಾಗಿ ಅಳೆಯಬೇಕು. ಶೆಲ್‌ಗಳು ನಡುವೆ ದಪ್ಪ, ಕೂಡುವ ಗೆರೆಯ ಬಳಿ ತೆಳು ಇರುವಂತೆ ಮಾಡಿರುತ್ತಾರೆ, ಅಡ್ಡ ಅಳೆದರೆ ಮೋಸ ಹೋಗುತ್ತೀರಿ. ಕ್ರ್ಯಾಂಕ್, ರಾಡ್, ಗೇಜ್ ಮೂರೂ ಒಂದೇ ಉಷ್ಣತೆಯಲ್ಲಿರಲಿ.

ಎಷ್ಟು ಅಂತರ ಬೇಕು? ಜರ್ನಲ್ ವ್ಯಾಸದ ಸಾವಿರದ ಒಂದು ಭಾಗದಿಂದ ಶುರುಮಾಡಿ: 50 ಮಿ.ಮೀ. ಜರ್ನಲ್‌ಗೆ 0.05. ಹೆಚ್ಚು ವೇಗ, ಹೆಚ್ಚು ಶಾಖದ ಎಂಜಿನ್‌ಗೆ ಇನ್ನೊಂದು 0.01 ಸೇರಿಸುವುದು ರೂಢಿ.

ಜೋಡಿಸುವಾಗಲೇ ಕ್ರ್ಯಾಂಕ್ ಬಿಗಿ, ಅಥವಾ ಒಂದು ಕಡೆ ತಗಲುತ್ತದೆ

ಸನ್ನೆ ಹಾಕಿ ಬಲವಂತವಾಗಿ ತಿರುಗಿಸಬೇಡಿ. ಮೇನ್ ಕ್ಯಾಪ್‌ಗಳನ್ನು ಒಂದೊಂದಾಗಿ ಬಿಗಿದು, ಪ್ರತಿ ಬಾರಿ ಕೈಯಲ್ಲಿ ತಿರುಗಿಸಿ ನೋಡಿದರೆ ಯಾವುದರಿಂದ ಬಿಗಿಯಾಯಿತು ಎಂದು ಗೊತ್ತಾಗುತ್ತದೆ. ಆಮೇಲೆ ರಾಡ್‌ಗಳ ಸರದಿ. ಕ್ಯಾಪ್ ಹಿಂದುಮುಂದಾಗಿರುವುದು, ಶೆಲ್ ಹಿಂದೆ ಧೂಳು ಸಿಕ್ಕಿರುವುದು ಮಾಮೂಲಿ ಕಾರಣಗಳು. ಒಂದೇ ಜರ್ನಲ್‌ನ ಜೋಡಿ ರಾಡ್‌ಗಳಿಗೆ ಪಕ್ಕದ ಅಂತರ ಸುಮಾರು 0.25ರಿಂದ 0.50 ಮಿ.ಮೀ. ಇರಬೇಕು, ಫೀಲರ್ ಗೇಜ್ ತೂರಿಸಿ ನೋಡಿ.

ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ ಆಗಿದ್ದರೆ ರಾಡ್‌ನ ಭುಜ ಅಥವಾ ಬೋಲ್ಟ್ ತಲೆ ಬ್ಲಾಕ್‌ನ ಕೆಳ ಅಂಚಿಗೆ, ಇಲ್ಲವೇ ಕ್ಯಾಮ್‌ಶಾಫ್ಟ್‌ಗೆ ತಗಲುತ್ತಿರಬಹುದು. ಕನಿಷ್ಠ 1.3ರಿಂದ 1.5 ಮಿ.ಮೀ. ಬಿಡುವು ಇರಲಿ. ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ನೋಡಬೇಕು. ಒಂದು ಸುತ್ತಿನಲ್ಲಿ ಪಾರಾದ ಬೋಲ್ಟ್ ಎರಡನೆಯದರಲ್ಲಿ ಕ್ಯಾಮ್‌ನ ಉಬ್ಬಿಗೆ ಬಡಿಯಬಹುದು.

ರಾಡ್ ಬದಲಿಸಿದ ಮೇಲೆ ನಡುಕ

ಹೊಸ ರಾಡ್ ಅಥವಾ ಪಿಸ್ಟನ್‌ನ ತೂಕ ಹಳೆಯದಕ್ಕಿಂತ ಬೇರೆ ಇದ್ದು ಕ್ರ್ಯಾಂಕನ್ನು ಮತ್ತೆ ಬ್ಯಾಲೆನ್ಸ್ ಮಾಡಿಸದಿದ್ದರೆ ನಡುಕ ಬಂದೇ ಬರುತ್ತದೆ. ಶೆವ್ರೊಲೆಯ 400 ಘನ ಇಂಚಿನ ವಿ-8 ಎಂಜಿನ್ ಆದ 400 ಸ್ಮಾಲ್ ಬ್ಲಾಕ್‌ನಂಥ ಎಂಜಿನ್‌ಗಳು ಬ್ಯಾಲೆನ್ಸ್‌ನ ಒಂದು ಪಾಲನ್ನು ಕ್ರ್ಯಾಂಕ್‌ನ ಮುಂದಿನ ತುದಿಯಲ್ಲಿ ನಡುಕ ತಗ್ಗಿಸುವ ಡ್ಯಾಂಪರ್ ಮತ್ತು ಹಿಂದಿನ ಫ್ಲೈವೀಲ್ ಮೇಲೆ ಹೊರಿಸುತ್ತವೆ. ಅಂಥ ಕ್ರ್ಯಾಂಕ್‌ಗೆ ಬೇರೆ ಎಂಜಿನ್‌ನ ಡ್ಯಾಂಪರ್ ಹಾಕಿದರೂ ಅದೇ ಫಲ. ಮೊದಲಿಂದ ಸರಿಯಾಗಿದ್ದ ಎಂಜಿನ್‌ನಲ್ಲಿ ನಡುಕ ದಿನೇ ದಿನೇ ಬೆಳೆಯುತ್ತಿದ್ದರೆ ವಿಷಯ ಬೇರೆ. ಡ್ಯಾಂಪರ್‌ನ ರಬ್ಬರ್ ಜಾರಿದೆಯೇ ನೋಡಿ. ಅದು ಚೆನ್ನಾಗಿದ್ದರೆ ಕ್ರ್ಯಾಂಕ್‌ನಲ್ಲಿ ಬಿರುಕು ಇರುವ ಸಾಧ್ಯತೆಯಿದೆ, ಹೆಚ್ಚಾಗಿ ಫಿಲೆಟ್‌ನಿಂದ ಹೊರಟದ್ದು. ಅದನ್ನು ಕಣ್ಣಿನಿಂದ ಹುಡುಕುವ ಸಾಹಸ ಬೇಡ. ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಕಾಂತೀಯ ಪುಡಿಯ ಪರೀಕ್ಷೆ ಮಾಡುವ ಮಷೀನ್ ಶಾಪ್‌ಗೆ ಕೊಡಿ.

ಎಲ್ಲ ಸರಿಯಿದ್ದರೂ ಬೇರಿಂಗ್ ಮತ್ತೆ ಹೋಗುತ್ತದೆ

ಎಣ್ಣೆ, ಅಂತರ, ಬೋಲ್ಟ್, ಟೈಮಿಂಗ್ ಎಲ್ಲ ಪರೀಕ್ಷೆ ದಾಟಿದ ಮೇಲೆ ಜರ್ನಲ್ ಅಳತೆಯ ಪ್ರಶ್ನೆ ಎತ್ತಬಹುದು. ಅದಕ್ಕೂ ಮೊದಲೇ ಎತ್ತುವವರೇ ಹೆಚ್ಚು.

ದೊಡ್ಡ ಜರ್ನಲ್ ಗಟ್ಟಿ, ಆದ್ದರಿಂದ ಒಳ್ಳೆಯದು ಎಂಬ ನಂಬಿಕೆ ಅರ್ಧ ಸತ್ಯ. ಶೆವ್ರೊಲೆ ಸ್ಮಾಲ್ ಬ್ಲಾಕ್‌ನ ರಾಡ್ ಜರ್ನಲ್ 1967ರವರೆಗೆ 2.000 ಇಂಚು ಇತ್ತು, 1968ರಿಂದ 2.100 ಆಯಿತು. ರೇಸ್ ಎಂಜಿನ್ ಕಟ್ಟುವವರಲ್ಲಿ ಹಲವರು ಮತ್ತೆ ಸಣ್ಣದಕ್ಕೆ ಮರಳಿದರು, ಇನ್ನೂ ಕೆಲವರು ಹೋಂಡಾ ಅಳತೆಯ 48 ಮಿ.ಮೀ.ವರೆಗೆ ಇಳಿದರು. ಕಾರಣ ಮೇಲ್ಮೈ ವೇಗ. 7000 ಆರ್‌ಪಿಎಂನಲ್ಲಿ 53.3 ಮಿ.ಮೀ. ಜರ್ನಲ್‌ನ ಮೇಲ್ಮೈ ಸೆಕೆಂಡಿಗೆ ಸುಮಾರು 19.5 ಮೀಟರ್ ಜಾರುತ್ತದೆ, 48 ಮಿ.ಮೀ.ಯದು 17.6. ಅಗಲ ಮತ್ತು ಅಂತರ ಅಷ್ಟೇ ಇದ್ದರೆ ಘರ್ಷಣೆಗೆ ಹೋಗುವ ಶಕ್ತಿ ವ್ಯಾಸದ ಘನವನ್ನು ಅನುಸರಿಸುತ್ತದೆ. ಅಂದರೆ ಶೇ. 27ರಷ್ಟು ಉಳಿತಾಯ, ಎಣ್ಣೆಗೆ ಅಷ್ಟು ಕಡಿಮೆ ಶಾಖ. ಬಿಗ್ ಎಂಡ್ ಸಣ್ಣದಾಗುವುದರಿಂದ ಕ್ಯಾಮ್‌ಗೆ ತಗಲುವ ತಲೆನೋವೂ ಕಡಿಮೆ.

ಇದಕ್ಕೆ ತೆರುವ ಬೆಲೆಯೂ ಇದೆ. ಪಕ್ಕದಿಂದ ನೋಡಿದರೆ ಮೇನ್ ಮತ್ತು ರಾಡ್ ಜರ್ನಲ್‌ಗಳು ಒಂದರ ಮೇಲೊಂದು ಸ್ವಲ್ಪ ಚಾಚಿಕೊಂಡಿರುತ್ತವೆ. ಈ ಮೇಲ್ಹಾಯಿಕೆಯೇ ಕ್ರ್ಯಾಂಕ್‌ನ ಬೆನ್ನೆಲುಬು. ಎರಡು ವ್ಯಾಸಗಳನ್ನು ಕೂಡಿ, ಸ್ಟ್ರೋಕ್ ಕಳೆದು, ಅರ್ಧ ಮಾಡಿದರೆ ಅದರ ಅಳತೆ ಬರುತ್ತದೆ. 350 ಸ್ಮಾಲ್ ಬ್ಲಾಕ್‌ನಲ್ಲಿ ಅದು 13.6 ಮಿ.ಮೀ. ಅದೇ ಬ್ಲಾಕ್‌ಗೆ 400ರ ಕ್ರ್ಯಾಂಕ್‌ನ ಮೇನ್‌ಗಳನ್ನು 2.65ರಿಂದ 2.45 ಇಂಚಿಗೆ ತಗ್ಗಿಸಿ ಕೂರಿಸಿ 383 (ಘನ ಇಂಚು) ಮಾಡಿದಾಗ 10.2ಕ್ಕೆ ಇಳಿಯುತ್ತದೆ. ಅದರ ಮೇಲೆ 2.000 ಇಂಚಿನ ರಾಡ್ ಜರ್ನಲ್ ಬಯಸಿದರೆ 8.9. ಒಳ್ಳೆಯ ಫೋರ್ಜ್ ಮಾಡಿದ 4340 ದರ್ಜೆಯ ಉಕ್ಕು ಇದನ್ನು ತಡೆಯುತ್ತದೆ. ಎರಕದ ಕ್ರ್ಯಾಂಕ್‌ನಲ್ಲಿ ಬಲದ ಕೆಲಸಕ್ಕೆ ಇಷ್ಟು ಕಡಿಮೆ ಮಾಡಲು ನಾನು ಒಪ್ಪುವುದಿಲ್ಲ. ಬೂಸ್ಟ್ ಹಾಕಿ ಮಧ್ಯಮ ವೇಗದಲ್ಲಿ ಭಾರೀ ಒತ್ತಡ ಪಡೆಯುವ ಎಂಜಿನ್‌ಗೆ ದೊಡ್ಡ ಜರ್ನಲ್ ಸರಿ, ಗಾಳಿಯನ್ನು ತಾನೇ ಎಳೆದುಕೊಂಡು ಮೇಲಿನ ಆರ್‌ಪಿಎಂನಲ್ಲೇ ಬದುಕುವ ಎಂಜಿನ್‌ಗೆ ಸಣ್ಣದು. ರಸ್ತೆಯ ವಾಹನಕ್ಕೆ ತಯಾರಕರು ಕೊಟ್ಟ ಅಳತೆಯೇ ಸಾಕು.

ಜರ್ನಲ್ ಸವೆದಿದ್ದರೆ 0.25 ಮಿ.ಮೀ. ತಗ್ಗಿಸಿ ಗ್ರೈಂಡ್ ಮಾಡಿಸಬಹುದು, ಅದಕ್ಕೆ ತಕ್ಕ ಶೆಲ್ ಸಿಗುತ್ತದೆ. ನೈಟ್ರೈಡ್ ಮಾಡಿದ (ಸಾರಜನಕದಿಂದ ಮೇಲ್ಮೈ ಗಟ್ಟಿಗೊಳಿಸಿದ) ಕ್ರ್ಯಾಂಕ್ ಆಗಿದ್ದರೆ ಆ ಗಟ್ಟಿ ಪದರ ತೆಳು. ಗ್ರೈಂಡ್ ಮಾಡಿದ ಮೇಲೆ ಮತ್ತೆ ನೈಟ್ರೈಡ್ ಬೇಕೇ ಎಂದು ಶಾಪ್‌ನವರಿಂದ ಸ್ಪಷ್ಟ ಉತ್ತರ ಪಡೆಯಿರಿ. ಜರ್ನಲ್ ಅಳತೆ ಬದಲಾದರೆ ರಾಡ್ ಕೂಡ ಬದಲು: 2.000 ಇಂಚಿನ ಜರ್ನಲ್‌ನ ರಾಡ್‌ಗೆ ಬಿಗ್ ಎಂಡ್ ರಂಧ್ರ 2.125, 2.100ರದಕ್ಕೆ 2.225. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ.

ಹೊಸ ರಾಡ್ ಆರಿಸುವಾಗ

ರಾಡ್ ಉದ್ದದ ಬಗ್ಗೆ ಆಗುವಷ್ಟು ಜಗಳ ಅದರ ತೂಕದ ಬಗ್ಗೆ ಆಗುವುದಿಲ್ಲ. 383ರಲ್ಲಿ 5.7 ಇಂಚಿನ ರಾಡ್ ಬದಲು 6 ಇಂಚಿನದು ಹಾಕಿದರೆ ರಾಡ್ ಅನುಪಾತ (ರಾಡ್ ಉದ್ದವನ್ನು ಸ್ಟ್ರೋಕ್‌ನಿಂದ ಭಾಗಿಸಿದ್ದು) 1.52ರಿಂದ 1.60ಕ್ಕೆ ಏರುತ್ತದೆ, ಮೇಲಿನ ತುದಿಯಲ್ಲಿ ಪಿಸ್ಟನ್‌ನ ಗರಿಷ್ಠ ವೇಗೋತ್ಕರ್ಷ ತಗ್ಗುವುದು ಶೇ. 1ರ ಆಸುಪಾಸು ಮಾತ್ರ. ಉದ್ದ ರಾಡ್‌ನ ನಿಜವಾದ ಲಾಭ ಪಿಸ್ಟನ್ ಗಿಡ್ಡವಾಗಿ ಹಗುರಾಗುವುದು, ಸಿಲಿಂಡರ್ ಗೋಡೆಯ ಮೇಲಿನ ಪಕ್ಕದ ಒತ್ತಡ ತುಸು ತಗ್ಗುವುದು. ಪಿನ್ ಮೇಲಕ್ಕೆ ಸರಿದು ಆಯಿಲ್ ರಿಂಗ್‌ನ ತೋಡಿಗೆ ನುಗ್ಗಿದರೆ ಆಸರೆಯ ಪಟ್ಟಿ ಬೇಕಾಗುತ್ತದೆ. ಅದನ್ನು ಸರಿಯಾಗಿ ಕೂರಿಸದ ಎಂಜಿನ್ ಎಣ್ಣೆ ಕುಡಿಯುತ್ತದೆ.

ಐ ಬೀಮ್ ಅಥವಾ ಎಚ್ ಬೀಮ್ ಎಂಬ ಆಕಾರಕ್ಕಿಂತ ಉಕ್ಕು ಯಾವುದು, ಬೋಲ್ಟ್ ಯಾವುದು ಎಂದು ಮೊದಲು ಕೇಳಿ. ಒಡೆದು ಬೇರ್ಪಡಿಸಿದ ಕ್ಯಾಪ್ ಇರುವ ಮೂಲ ರಾಡ್‌ಗಳಲ್ಲಿ ಕೂಡುವ ಮೈಯನ್ನು ಉಜ್ಜಿ ರಂಧ್ರ ಸರಿಪಡಿಸಲು ಬರುವುದಿಲ್ಲ, ಹಾಗಾಗಿ ರಂಧ್ರ ಅಂಡಾಕಾರವಾದರೆ ರಾಡ್ ಬದಲಿಸುವುದೇ ಮೇಲು. ಅಲ್ಯೂಮಿನಿಯಂ ರಾಡ್ ಹಗುರ, ಆದರೆ ದಣಿದು ಬೇಗ ಮುರಿಯುತ್ತದೆ. ಡ್ರ್ಯಾಗ್ ಪಂದ್ಯಕ್ಕೆ ಇರಲಿ, ದಿನನಿತ್ಯದ ಓಡಾಟಕ್ಕೆ ಬೇಡ.

ಬೋಲ್ಟ್ ಬಿಗಿಯುವಾಗ ತಯಾರಕರು ಹೇಳಿದ ಲೇಪನವನ್ನೇ ಬಳಸಿ. ಸಾದಾ ಎಣ್ಣೆ ಹಚ್ಚಿದಾಗ ಬೇಕಾಗುವ ಟಾರ್ಕ್ ಬೇರೆ, ಅವರ ಗ್ರೀಸ್ ಹಚ್ಚಿದಾಗ ಬೇರೆ. ಬಿಗಿದಾಗ ಬೋಲ್ಟ್ ಎಷ್ಟು ಹಿಗ್ಗಿತು ಎಂದು ಅಳೆಯುವ ಸ್ಟ್ರೆಚ್ ಗೇಜ್ ಇದ್ದರೆ ಟಾರ್ಕ್‌ಗಿಂತ ಅದನ್ನೇ ನಂಬಿ. ಪ್ರತಿ ಬೋಲ್ಟ್‌ನ ಬಿಗಿಯದ ಉದ್ದವನ್ನು ಅಳೆದು ಸಿಲಿಂಡರ್ ಸಂಖ್ಯೆಯೊಂದಿಗೆ ಬರೆದಿಡಿ. ಮುಂದಿನ ಬಾರಿ ಬಿಚ್ಚಿದಾಗ ಯಾವುದಾದರೂ 0.025 ಮಿ.ಮೀ.ಗಿಂತ ಹೆಚ್ಚು ಉದ್ದವಾಗಿದ್ದರೆ ಅದನ್ನು ಮತ್ತೆ ಹಾಕಬೇಡಿ.